ಜನವರಿ 26ರ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಬೇಕು: ಸಿಡ್ನಿಯ ಕನ್ನಡ ಸಂಘಗಳಿಗೊಂದು ಬಹಿರಂಗ ಪತ್ರ

ಸಿಡ್ನಿಯ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಭಾನುವಾರದ ಕನ್ನಡ ಶಾಲೆಗಳಲ್ಲಿ ಪಾಠ ಮಾಡುವ ಮೇಷ್ಟ್ರು-ಮೇಡಂಗಳಿಗೆ, ಹಾಗೇ ಮಕ್ಕಳನ್ನು ಅಲ್ಲಿಗೆ ಕರೆತರುವ ಅಪ್ಪ-ಅಮ್ಮಂದಿರಿಗೆ,

ನಮಸ್ಕಾರ.

ಜನವರಿ 26 ಬಂತೆಂದರೆ ನಮಗಿಲ್ಲಿ ಡಬಲ್ ಸಂಭ್ರಮ. ಬೆಳಿಗ್ಗೆ ಗಣರಾಜ್ಯೋತ್ಸವ, ತ್ರಿವರ್ಣ ಧ್ವಜ, ಜನಗಣಮನ. ಮಧ್ಯಾಹ್ನ ಪಾರ್ಕಿನಲ್ಲಿ ಆಸ್ಟ್ರೇಲಿಯಾ ಡೇ (1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ನೆಲೆಯೂರಿದ ದಿನ), ಬಾರ್ಬೆಕ್ಯೂ, ಮಕ್ಕಳ ಕೆನ್ನೆಯ ಮೇಲೆ ಇನ್ನೊಂದು ಧ್ವಜ. ಕಾರ್ಯಕ್ರಮ ಶುರುವಾಗುವ ಮೊದಲು ಈ ನೆಲದ ಮೂಲ ಒಡೆಯರಿಗೆ ಗೌರವ ಸಲ್ಲಿಸುವ ನಾಲ್ಕು ಸಾಲನ್ನು ಯಾರೋ ಇಂಗ್ಲಿಷಿನಲ್ಲಿ ಓದುತ್ತಾರೆ. ಆ ಹೊತ್ತಿಗೆ ಅರ್ಧ ಸಭೆ ಇನ್ನೂ ಕುರ್ಚಿ ಹುಡುಕುತ್ತಿರುತ್ತದೆ. ಆಮೇಲೆ ಮಕ್ಕಳ ಕ್ವಿಜ್. ಇಲ್ಲಿನ ಮೊದಲ ಗವರ್ನರ್ ಯಾರು? ಆರ್ಥರ್ ಫಿಲಿಪ್! ಚಪ್ಪಾಳೆ. ಆಸ್ಟ್ರೇಲಿಯಾದ ಪಿತಾಮಹ ಅಂತ ಯಾರನ್ನು ಕರೆಯುತ್ತಾರೆ? ಮಕ್ವಾರಿ! ಮತ್ತೆ ಚಪ್ಪಾಳೆ.

ಆ ಕ್ವಿಜ್ ಬಗ್ಗೆಯೇ ಈ ಪತ್ರ. ಅದನ್ನು ನಿಲ್ಲಿಸಿ ಅಂತ ಹೇಳುತ್ತಿಲ್ಲ. ಆ ಗವರ್ನರುಗಳ ಎದುರು ನಿಂತಿದ್ದವರು ಯಾರು, ಅವರ ಮಧ್ಯೆ ಏನು ನಡೆಯಿತು ಅಂತಲೂ ಮಕ್ಕಳಿಗೆ ಹೇಳೋಣ. ಅದಕ್ಕೆ ವೇದಿಕೆಯಲ್ಲಿ ಹತ್ತು ನಿಮಿಷ, ಶಾಲೆಯಲ್ಲಿ ಒಂದು ಪಾಠ ಸಾಕು.

ಗವರ್ನರುಗಳೆಲ್ಲ ರಾಕ್ಷಸರು ಅಂತ ಹೇಳಿಬಿಟ್ಟರೆ ಕೆಲಸ ಸುಲಭ. ಆದರೆ ಫಿಲಿಪ್ ಹಾಗಿರಲಿಲ್ಲ. 1788ರಲ್ಲಿ 11 ಹಡಗುಗಳಲ್ಲಿ ಕೈದಿಗಳನ್ನೂ ಸೈನಿಕರನ್ನೂ ತುಂಬಿಕೊಂಡು ಬಂದಾಗ ಅವನ ಕೈಯಲ್ಲಿ ರಾಜ ಮೂರನೇ ಜಾರ್ಜನ ಆದೇಶವಿತ್ತು: ಇಲ್ಲಿನ ಜನರ ಜೊತೆ ಹೇಗಾದರೂ ಸಂಪರ್ಕ ಬೆಳೆಸಿ, ಅವರ ಪ್ರೀತಿ ಗಳಿಸಿ, ನಮ್ಮವರೆಲ್ಲ ಅವರ ಜೊತೆ ಸ್ನೇಹದಿಂದ ಬಾಳಲಿ. ಫಿಲಿಪ್ ಅದನ್ನು ನಿಜವಾಗಿಯೂ ನಂಬಿದ್ದ. ಮೊದಲ ಭೇಟಿಗಳಲ್ಲಿ ಬಂದೂಕು ಕೆಳಗಿಟ್ಟು, ಒಬ್ಬನೇ, ಕೈ ಚಾಚಿಕೊಂಡು ಮುಂದೆ ಹೋಗುತ್ತಿದ್ದ. ಅವನಿಗೆ ಮುಂದಿನ ಹಲ್ಲೊಂದು ಇರಲಿಲ್ಲ. ಇಲ್ಲಿನ ಕರಾವಳಿಯ ಗಂಡಸರು ದೊಡ್ಡವರಾದ ಗುರುತಿಗೆ ಅದೇ ಹಲ್ಲು ತೆಗೆಸಿಕೊಳ್ಳುತ್ತಿದ್ದರು. ಹಾಗಾಗಿ ಅವರಿಗೂ ಇವನ ಮೇಲೆ ಒಂದು ಕುತೂಹಲ.

ಸಮಸ್ಯೆ ಏನಾಯಿತೆಂದರೆ, ಒಂದು ವರ್ಷ ಕಳೆಯುವಷ್ಟರಲ್ಲಿ ಇಲ್ಲಿನ ಮೂಲನಿವಾಸಿಗಳು ಇವರ ಹತ್ತಿರ ಬರುವುದನ್ನೇ ನಿಲ್ಲಿಸಿದರು. ಬರೋದಾದರೂ ಯಾಕೆ? ಕೈದಿಗಳು ಅವರ ಬಲೆ, ಈಟಿ ಕದಿಯುತ್ತಿದ್ದರು. ಬಲೆ ಎಳೆದು ಕೊಲ್ಲಿಯ ಮೀನನ್ನೆಲ್ಲ ಬಾಚುತ್ತಿದ್ದರು. ಆಗ ಸ್ನೇಹ ಬೆಳೆಸಲು ಫಿಲಿಪ್ ಕಂಡುಕೊಂಡ ದಾರಿ ಏನು ಗೊತ್ತಾ? ಒಬ್ಬನನ್ನು ಹಿಡಿದು ತನ್ನಿ ಅಂದ.

1788ರ ಡಿಸೆಂಬರ್ 31. ಸಿಡ್ನಿಯ ಮ್ಯಾನ್ಲಿ ದಡದಲ್ಲಿ ಸೈನಿಕರು ಒಬ್ಬನನ್ನು ಹಿಡಿದು ದೋಣಿಗೆ ಕಟ್ಟಿದರು. ಅವನ ಹೆಸರು ಅರಬನೂ. ಎಡಗೈ ಮಣಿಕಟ್ಟಿಗೆ ಕಬ್ಬಿಣದ ಕೋಳ ತೊಡಿಸಿ ಅದಕ್ಕೆ ಹಗ್ಗ ಬಿಗಿದರು. ಅವನು ಅದನ್ನು ಒಡವೆ ಅಂದುಕೊಂಡು ಖುಷಿಪಟ್ಟ. ಅದು ಯಾತಕ್ಕೆ ಅಂತ ತಿಳಿದ ಮೇಲೆ ಆ ಖುಷಿ ಸಿಟ್ಟಾಯಿತು ಅಂತ ವಾಟ್ಕಿನ್ ಟೆಂಚ್ ಎಂಬ ಅಧಿಕಾರಿ ಬರೆದಿಟ್ಟಿದ್ದಾನೆ. ಮಾರನೇ ದಿನ ಹೊಸ ವರ್ಷ. ಗವರ್ನರ್ ಮನೆಯಲ್ಲಿ ಅಧಿಕಾರಿಗಳಿಗೆಲ್ಲ ಊಟ. ಅರಬನೂವನ್ನು ಕಿಟಕಿ ಪಕ್ಕದ ಪೆಟ್ಟಿಗೆ ಮೇಲೆ ಕೂರಿಸಿ ಮೀನು, ಹಂದಿಮಾಂಸ ಬಡಿಸಿದರು. ಚೆನ್ನಾಗಿಯೇ ತಿಂದ. ತಿಂದಾದ ಮೇಲೆ ತಟ್ಟೆಯನ್ನು ಕಿಟಕಿಯಿಂದಾಚೆ ಎಸೆಯಲು ಹೋದ. ನಾವು ಊಟದೆಲೆ ಎತ್ತಿ ಬಿಸಾಡುವುದಿಲ್ಲವೇ, ಹಾಗೆ. ಪಕ್ಕದವರು ತಡೆದರು.

ಮಾರ್ಚಿನಲ್ಲಿ ಒಂದಷ್ಟು ಕೈದಿಗಳು ಗುಂಪು ಕಟ್ಟಿಕೊಂಡು ಮೂಲನಿವಾಸಿಗಳ ಮೇಲೆ ಹಲ್ಲೆಗೆ ಹೊರಟರು. ಫಿಲಿಪ್ ಅವರಿಗೆ ಅರಬನೂ ಎದುರಿಗೇ ಚಾಟಿ ಏಟು ಕೊಡಿಸಿದ. ನೋಡು, ನಿನ್ನ ಜನಕ್ಕೆ ನ್ಯಾಯ ಕೊಡುತ್ತಿದ್ದೇನೆ ಅಂತ ತೋರಿಸುವುದು ಅವನ ಉದ್ದೇಶ. ಅರಬನೂಗೆ ಬಂದದ್ದು ಅಸಹ್ಯ ಮತ್ತು ಭಯ ಮಾತ್ರ. ಎರಡು ವರ್ಷದ ನಂತರ ಇನ್ನೊಂದು ಚಾಟಿ ಶಿಕ್ಷೆ ನೋಡಲು ಬಂದ ಬರಂಗಾರೂ ಎಂಬ ಹೆಂಗಸು ಹೊಡೆಯುವವನ ಮೇಲೇ ಏರಿ ಹೋದಳು. ಇವತ್ತು ಸಿಡ್ನಿ ನಗರದ ಆ ದುಬಾರಿ ಬಡಾವಣೆಗೆ ಹೆಸರು ಕೊಟ್ಟವಳು ಅವಳೇ. ಅಲ್ಲಿ ಆಫೀಸಿಗೆ ಹೋಗುವ ನಮ್ಮ ಐಟಿ ಮಂದಿಗೆ ಅದು ಬರೀ ಸ್ಟೇಷನ್ ಹೆಸರು.

1789ರ ಏಪ್ರಿಲ್‌ನಲ್ಲಿ ಸಿಡುಬು ಬಂತು. ಎಲ್ಲಿಂದ ಬಂತು ಅಂತ ಇತಿಹಾಸಕಾರರು ಇನ್ನೂ ಜಗಳಾಡುತ್ತಿದ್ದಾರೆ. ಕೊಲ್ಲಿಗಳಲ್ಲೆಲ್ಲ ಹೆಣ. ತನ್ನವರನ್ನು ಹುಡುಕಿಕೊಂಡು ಹೋದ ಅರಬನೂಗೆ ಮರಳಿನಲ್ಲಿ ಹೊಸ ಹೆಜ್ಜೆಗುರುತೂ ಕಾಣಲಿಲ್ಲ. ಎಲ್ಲ ಸತ್ತರು, ಎಲ್ಲ ಸತ್ತರು ಅಂದನಂತೆ. ರೋಗ ಹಿಡಿದ ಇಬ್ಬರು ಮಕ್ಕಳ ಆರೈಕೆ ಮಾಡಿದ. ಆ ಮಕ್ಕಳು ಉಳಿದರು, ಮೇ ತಿಂಗಳಲ್ಲಿ ಅವನು ಹೋದ. ಫಿಲಿಪ್ ಅವನನ್ನು ತನ್ನ ತೋಟದಲ್ಲೇ ಮಣ್ಣು ಮಾಡಿಸಿದ, ತಾನೇ ನಿಂತು. ಈ ಭಾಗದ ಅರ್ಧ ಜನ ಆ ಸಿಡುಬಿಗೇ ಹೋದರು ಅಂತ ಆಮೇಲೆ ಬೆನೆಲಾಂಗ್ ಎಂಬ ಇನ್ನೊಬ್ಬ ಮೂಲನಿವಾಸಿ ಗವರ್ನರಿಗೆ ಹೇಳಿದ.

ಆ ಬೆನೆಲಾಂಗ್ ಸಿಕ್ಕಿದ್ದೂ ಹಾಗೆಯೇ. 1789ರ ನವೆಂಬರ್ 25ರಂದು ಮತ್ತೆ ಅದೇ ಮ್ಯಾನ್ಲಿ ದಡ. ದೋಣಿಯಿಂದ ಮೀನು ಎತ್ತಿ ತೋರಿಸಿದರು, ಇಬ್ಬರು ಬಂದರು, ಹಿಡಿದು ಎಳೆದುಕೊಂಡರು. ಆ ಕೆಲಸ ಮಾಡಿದ ಲೆಫ್ಟಿನೆಂಟ್ ಬ್ರ್ಯಾಡ್ಲಿ ತನಗೆ ಒಪ್ಪಿಸಿದ ಕೆಲಸಗಳಲ್ಲೆಲ್ಲ ಇದರಷ್ಟು ಅಹಿತವಾದದ್ದು ಇನ್ನೊಂದಿಲ್ಲ ಅಂತ ಬರೆದುಕೊಂಡ. ಬರೆದುಕೊಂಡ, ಆದರೆ ಮಾಡಿದ. ಸಿಕ್ಕಿದ ಇಬ್ಬರಲ್ಲಿ ಕೋಲ್ಬಿ ಕೆಲವೇ ದಿನಗಳಲ್ಲಿ ಓಡಿಹೋದ. ಬೆನೆಲಾಂಗ್ ಮುಂದಿನ ಮೇವರೆಗೆ ಇದ್ದು, ಭಾಷೆ ಕಲಿತು, ಗವರ್ನರಿಗೆ ಅಪ್ಪ ಅಂತ ಕರೆದು, ಒಂದು ರಾತ್ರಿ ಅವನೂ ಕಾಲು ಕಿತ್ತ.

1790ರ ಸೆಪ್ಟೆಂಬರ್ 7ರಂದು ಮ್ಯಾನ್ಲಿಯಲ್ಲಿ ತಿಮಿಂಗಿಲವೊಂದು ದಡಕ್ಕೆ ಬಿದ್ದಿತ್ತು. ನೂರಾರು ಜನ ಸೇರಿ ಊಟ ಮಾಡುತ್ತಿದ್ದರು. ಬೆನೆಲಾಂಗ್ ಗವರ್ನರಿಗೆ ಒಂದು ತುಂಡು ಕಳಿಸಿದ. ಫಿಲಿಪ್ ಖುಷಿಯಿಂದ ಹೊರಟು ಬಂದ. ವೈನ್ ಕುಡಿದರು, ಮಾತಾಡಿದರು. ಆಮೇಲೆ ಅಲ್ಲಿ ನಿಂತಿದ್ದ ಇನ್ನೊಬ್ಬನ ಕಡೆಗೆ ಫಿಲಿಪ್ ಕೈ ಚಾಚಿ ನಡೆದ. ವಿಲ್ಲೆಮೆರಿಂಗ್ ಎಂಬ ಆ ಮನುಷ್ಯ ಈಟಿ ಎತ್ತಿ ಎಸೆದ. ಅದು ಹೆಗಲ ಹತ್ತಿರ ಒಳಹೊಕ್ಕು ಬೆನ್ನಿಂದ ಹೊರಬಂತು. ಉದ್ದನೆಯ ಈಟಿ, ಓಡುವಾಗ ಹಿಡಿ ನೆಲಕ್ಕೆ ತಾಗಿ ಗಾಯ ಹರಿಯುತ್ತಿತ್ತು. ಜೊತೆಗಿದ್ದವನು ಅದನ್ನು ಮುರಿದು ಫಿಲಿಪ್‌ನನ್ನು ದೋಣಿಗೆ ಹತ್ತಿಸಿದ. ಫಿಲಿಪ್ ಬದುಕಿದ. ಪ್ರತೀಕಾರ ಬೇಡ ಅಂದ.

ನಮ್ಮ ಮಕ್ಕಳಿಗೆ ಈ ಕಥೆ ಗೊತ್ತಿದ್ದರೆ ಗವರ್ನರ್ ಎಷ್ಟು ದೊಡ್ಡ ಮನಸ್ಸಿನವನು ಅನ್ನುವಲ್ಲಿಗೆ ಮುಗಿಯುತ್ತದೆ. ದೊಡ್ಡ ಮನಸ್ಸು ಹೌದು. ಆದರೆ ಈಟಿ ಎಸೆದವರ ಕಡೆಯಿಂದಲೂ ನೋಡಬೇಕಲ್ಲ? ಅವರ ಕಟ್ಟಳೆಯಲ್ಲಿ ತಪ್ಪು ಮಾಡಿದವನು ಎಲ್ಲರೆದುರು ನಿಂತು ಈಟಿ ಎದುರಿಸಬೇಕು, ಅಲ್ಲಿಗೆ ಲೆಕ್ಕ ಚುಕ್ತಾ. ಜನರನ್ನು ಕದ್ದು ಕೋಳ ಹಾಕಿದ ಮುಖ್ಯಸ್ಥನಿಗೆ ಕೊಟ್ಟ ಶಿಕ್ಷೆ ಅದು ಅಂತ ಇವತ್ತಿನ ಹಲವು ಇತಿಹಾಸಕಾರರು ಓದುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಯಾಕೆಂದರೆ ಅದಾದ ಮೇಲೆ ಬೆನೆಲಾಂಗ್ ಹೆದರಿ ದೂರ ಹೋಗಲಿಲ್ಲ. ಗಾಯ ಮಾಯುವಷ್ಟರಲ್ಲಿ ಜನರನ್ನು ಕಟ್ಟಿಕೊಂಡು ಊರಿಗೆ ಬರತೊಡಗಿದ. ತನಗೊಂದು ಇಟ್ಟಿಗೆ ಮನೆ ಕಟ್ಟಿಸಿಕೊಡು ಅಂತ ಕೇಳಿ ಕಟ್ಟಿಸಿಕೊಂಡ. ಆ ಮನೆ ಇದ್ದ ಜಾಗದಲ್ಲಿ ಈಗ ಒಪೆರಾ ಹೌಸ್ ಇದೆ. ಊರಿಂದ ಬಂದ ನೆಂಟರನ್ನೆಲ್ಲ ನಾವು ಫೋಟೋಗೆ ನಿಲ್ಲಿಸುವುದು ಅಲ್ಲೇ ಅಲ್ವಾ?

ಆ ದೊಡ್ಡ ಮನಸ್ಸು ಮೂರು ತಿಂಗಳು ಬಾಳಿತು. ಡಿಸೆಂಬರಿನಲ್ಲಿ ಪೆಮುಲ್ವಾಯ್ ಎಂಬ ಬಿಡ್ಜಿಗಲ್ ಪಂಗಡದ ಹೋರಾಟಗಾರ, ಗವರ್ನರನ ಬೇಟೆಗಾರ ಮೆಕಿಂಟೈರ್‌ಗೆ ಈಟಿ ಹೊಡೆದ. ಮೆಕಿಂಟೈರ್ ಮೂಲನಿವಾಸಿಗಳಿಗೆ ಮಾಡಿದ ಅನ್ಯಾಯದ ಬಗ್ಗೆ ಆಗಲೇ ಗುಸುಗುಸು ಇತ್ತು. ಬೆನೆಲಾಂಗ್‌ಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಫಿಲಿಪ್ ಟೆಂಚ್‌ನನ್ನು ಕರೆದು ಹೇಳಿದ: ಇಬ್ಬರನ್ನು ಜೀವಂತ ಹಿಡಿದು ತಾ, ಹತ್ತು ಜನರ ತಲೆ ಕಡಿದು ತಾ. ಅದಕ್ಕೆಂದು ಕೊಡಲಿ, ಚೀಲಗಳೂ ಸಿದ್ಧ. ಟೆಂಚ್ ಮಾತಾಡಿ ಅದನ್ನು ಆರು ಜನರನ್ನು ಹಿಡಿಯುವುದಕ್ಕೆ ಇಳಿಸಿದ. ಲೆಫ್ಟಿನೆಂಟ್ ಡಾಸ್ ಮೊದಲು ಹೋಗುವುದಿಲ್ಲ ಅಂದ, ಪಾದ್ರಿಯ ಮಾತು ಕೇಳಿ ಹೋದ, ಆಮೇಲೆ ಹೋಗಿದ್ದಕ್ಕೆ ಪಶ್ಚಾತ್ತಾಪಪಟ್ಟ. ಪೆಟೆಗರಾಂಗ್ ಎಂಬ ಹುಡುಗಿಯಿಂದ ಸಿಡ್ನಿಯ ಭಾಷೆ ಕಲಿತು ನೋಟ್‌ಬುಕ್ ತುಂಬ ಬರೆದಿಟ್ಟವನು ಇವನೇ. ದಂಡು ಕೆಸರಿನಲ್ಲಿ ಒದ್ದಾಡಿ ಬರಿಗೈಯಲ್ಲಿ ವಾಪಸಾಯಿತು. ಹಾಗಾಗಿ ಯಾರ ತಲೆಯೂ ಉರುಳಲಿಲ್ಲ. ಆದೇಶ ಮಾತ್ರ ದಾಖಲೆಯಲ್ಲಿದೆ. ಪೆಮುಲ್ವಾಯ್ ಇನ್ನೂ 12 ವರ್ಷ ಹೋರಾಡಿದ. ಗವರ್ನರ್ ಕಿಂಗ್ ಕಾಲದಲ್ಲಿ, 1802ರಲ್ಲಿ, ಅವನನ್ನು ಗುಂಡಿಟ್ಟು ಕೊಂದು ತಲೆಯನ್ನು ಇಂಗ್ಲೆಂಡಿಗೆ, ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದರು. ಅವನು ಧೈರ್ಯವಂತ, ಸ್ವತಂತ್ರ ಸ್ವಭಾವದವನು ಅಂತ ಕಿಂಗ್ ಅದರ ಜೊತೆ ಮೆಚ್ಚುಗೆಯನ್ನೂ ಬರೆದ!

ಪಶ್ಚಿಮ ಸಿಡ್ನಿಯ ನಮ್ಮ ಪ್ಯಾರಮಟ್ಟಾದ ಕಥೆಯೊಂದನ್ನು ಹೇಳಲೇಬೇಕು. 1791. ಬ್ಯಾಲೊಡೆರಿ ಎಂಬ ಯುವಕ, ಆ ಭಾಗದ ಮೂಲನಿವಾಸಿಗಳಾದ ಬುರಮಟ್ಟಗಲ್ ಪಂಗಡದವನು. ಫಿಲಿಪ್ ಜೊತೆ ಕಾಡು ಸುತ್ತಿದವನು, ಗವರ್ನರ್ ಮನೆಗೆ ಓಡಾಡಿಕೊಂಡಿದ್ದವನು. ಹೊಳೆಯಲ್ಲಿ ಮೀನು ಹಿಡಿದು ಪ್ಯಾರಮಟ್ಟಾಗೆ ತಂದು ಬ್ರೆಡ್ಡು, ಉಪ್ಪುಮಾಂಸಕ್ಕೆ ಕೊಡುತ್ತಿದ್ದ. ವ್ಯಾಪಾರ ಚೆನ್ನಾಗಿ ಕುದುರಿತ್ತು. ಒಂದು ದಿನ ಕೆಲವು ಕೈದಿಗಳು ಅವನ ಹೊಸ ದೋಣಿಯನ್ನು ಸುಮ್ನೆ ಮೋಜಿಗೆ ಹಾಳು ಮಾಡಿದರು. ದೋಣಿ ಹೋದರೆ ಅವನ ಅನ್ನ ಹೋದಂತೆ. ಸಿಟ್ಟಿನಿಂದ ಮೈಗೆ ಬಣ್ಣ ಬಳಿದುಕೊಂಡು ಸೀದಾ ಗವರ್ನರ್ ಹತ್ತಿರ ಬಂದ. ಫಿಲಿಪ್ ಕೈದಿಗಳನ್ನು ಹಿಡಿಸಿ ಶಿಕ್ಷೆ ಕೊಡಿಸಿದ. ನೀನು ಮಾತ್ರ ಯಾರನ್ನೂ ಮುಟ್ಟಬೇಡ ಅಂದ. ಬ್ಯಾಲೊಡೆರಿಯ ಲೆಕ್ಕ ಬೇರೆ. ಅವನ ಪಾಲಿಗೆ ಇನ್ನೊಬ್ಬರು ಹೊಡೆಸಿದ ಚಾಟಿಯಿಂದ ಬಾಕಿ ತೀರುವುದಿಲ್ಲ. ಕಾದಿದ್ದು ಒಬ್ಬ ಕೈದಿಗೆ ಈಟಿ ಹೊಡೆದ. ಅಲ್ಲಿಗೆ ಗವರ್ನರನ ಸ್ನೇಹವೂ ಮುಗಿಯಿತು. ಅವನನ್ನು ಕಂಡಲ್ಲಿ ಹಿಡಿಯಿರಿ ಅಂತ ಆಜ್ಞೆ ಆಯಿತು. ಮೀನಿನ ವ್ಯಾಪಾರ ನಿಂತಿತು. ಡಿಸೆಂಬರಿನಲ್ಲಿ ಅವನು ಕಾಯಿಲೆ ಬಿದ್ದಾಗ ಬೆನೆಲಾಂಗ್ ಮಧ್ಯೆ ಬಂದು ರಾಜಿ ಮಾಡಿಸಿದ. ಫಿಲಿಪ್ ಅವನ ಕೈ ಹಿಡಿದು ಕ್ಷಮಿಸಿದ್ದೇನೆ ಅಂದ. ಹುಡುಗ ಉಳಿಯಲಿಲ್ಲ. ಅವನ ದೇಹವನ್ನು ದೋಣಿಯೊಂದರಲ್ಲಿ ಮಲಗಿಸಿ, ಡ್ರಮ್ಮು ಬಾರಿಸಿ, ಗವರ್ನರ್ ತೋಟದಲ್ಲಿ ಹೂತರು. ಆ ಗವರ್ನರ್ ಮನೆಯ ಜಾಗದಲ್ಲಿ ಈಗ ಮ್ಯೂಸಿಯಂ ಆಫ್ ಸಿಡ್ನಿ ಇದೆ.

ಕ್ಷಮಿಸುವ ಅಧಿಕಾರ ಯಾರದ್ದು, ಅನ್ನುವುದೇ ಅಲ್ಲಿನ ಪ್ರಶ್ನೆ. ಫಿಲಿಪ್‌ಗೆ ಅದು ಕೊನೆವರೆಗೂ ಹೊಳೆದಂತೆ ಕಾಣುವುದಿಲ್ಲ.

ಈಗ ಮಕ್ವಾರಿ ವಿಷಯ. ನಮ್ಮ ಎಷ್ಟೋ ಮಕ್ಕಳು ಓದುವ ಯೂನಿವರ್ಸಿಟಿಗೆ ಅವನದೇ ಹೆಸರು. ನಗರದ ದೊಡ್ಡ ಬೀದಿಗೆ ಅವನದೇ ಹೆಸರು. ಆದರೆ ಅವನು ನಮಗೆ ಅದಕ್ಕೂ ಮೊದಲೇ ಗೊತ್ತಿರಬೇಕಿತ್ತು. ಲಾಕ್ಲನ್ ಮಕ್ವಾರಿ 1792ರಲ್ಲೂ 1799ರಲ್ಲೂ ಬಾಂಬೆ ಸೈನ್ಯದ ಜೊತೆ ಮಲಬಾರ್ ಕಡೆಯಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದವನು. ಟಿಪ್ಪು ಬಿದ್ದ ಮೇಲೆ ಸೈನ್ಯ ಹಂಚಿಕೊಂಡ ಹಣದಲ್ಲಿ ಅವನಿಗೂ ಪಾಲು ಬಂತು. 1795ರಲ್ಲಿ ಕೊಚ್ಚಿಯಲ್ಲಿ ಇಬ್ಬರು ಪುಟ್ಟ ಹುಡುಗರನ್ನು ದುಡ್ಡು ಕೊಟ್ಟು ಕೊಂಡ. ಅವರಲ್ಲಿ ಒಬ್ಬನಿಗೆ ಜಾರ್ಜ್ ಜಾರ್ವಿಸ್ ಅಂತ ಹೆಸರಿಟ್ಟ. ಅವನು ಜೀವನಪೂರ್ತಿ ಮಕ್ವಾರಿಯ ಸೇವಕನಾಗಿ, ಗವರ್ನರ್ ಮನೆಗೂ ಜೊತೆಯಲ್ಲೇ ಬಂದ. ನಮಗಿಂತ ಇನ್ನೂರು ವರ್ಷ ಮೊದಲೇ ಪ್ಯಾರಮಟ್ಟಾದ ಬೀದಿ ಕಂಡ ದಕ್ಷಿಣದ ಹುಡುಗ. ಅವನ ಹೆಸರೂ ನಮ್ಮ ಕ್ವಿಜ್‌ನಲ್ಲಿಲ್ಲ.

ಮಕ್ವಾರಿ 1810ರಿಂದ 1821ರವರೆಗೆ ಗವರ್ನರ್. ಶಿಕ್ಷೆ ಮುಗಿಸಿದ ಕೈದಿಗಳನ್ನು ಮನುಷ್ಯರಂತೆ ಕಂಡ, ರಸ್ತೆ ಹಾಕಿಸಿದ, ಆಸ್ಪತ್ರೆ ಕಟ್ಟಿಸಿದ. ಅದೆಲ್ಲ ನಿಜ. 1814ರ ಡಿಸೆಂಬರಿನಲ್ಲಿ ಪ್ಯಾರಮಟ್ಟಾದಲ್ಲಿ ಮೂಲನಿವಾಸಿಗಳಿಗೆ ಊಟ ಹಾಕಿಸಿ, ನಿಮ್ಮ ಮಕ್ಕಳನ್ನು ನನ್ನ ಶಾಲೆಗೆ ಬಿಟ್ಟುಹೋಗಿ ಅಂದ. ಬಿಟ್ಟ ಮೇಲೆ ಮಕ್ಕಳನ್ನು ವಾಪಸ್ ಕರೆದುಕೊಂಡು ಹೋಗುವಂತಿಲ್ಲ. ನೋಡಲು ವರ್ಷಕ್ಕೊಂದೇ ದಿನ. ತನಗೆ ಬೇಕಾದವರ ಕೊರಳಿಗೆ ಹಿತ್ತಾಳೆ ಬಿಲ್ಲೆ ತೂಗುಹಾಕಿ, ನೀನು ಇಂಥ ಪಂಗಡದ ಮುಖ್ಯಸ್ಥ ಅಂದ.

1816ರಲ್ಲಿ ಸಿಡ್ನಿಯ ನೈರುತ್ಯದ ಜಮೀನುಗಳ ಹತ್ತಿರ ಘರ್ಷಣೆ ಜಾಸ್ತಿಯಾಯಿತು. ಬರಗಾಲ ಬೇರೆ. ಎರಡೂ ಕಡೆ ಹೆಣ ಬಿದ್ದವು. ಏಪ್ರಿಲ್‌ನಲ್ಲಿ ಮಕ್ವಾರಿ ಸೈನಿಕರ ಮೂರು ತುಕಡಿ ಕಳಿಸಿದ. ಎದುರಿಸಿ ನಿಂತು ಸತ್ತ ಗಂಡಸರ ಹೆಣಗಳನ್ನು ಎದ್ದು ಕಾಣುವ ಮರಗಳಿಗೆ ನೇತುಹಾಕಿ, ಉಳಿದವರಿಗೆ ಭಯ ಹುಟ್ಟಲಿ ಅಂತ ಬರೆದುಕೊಟ್ಟ. ಸೆರೆ ಸಿಕ್ಕವರಲ್ಲಿ ಆರೋಗ್ಯವಾಗಿರುವ, ಲಕ್ಷಣವಾಗಿರುವ ಚಿಕ್ಕ ಮಕ್ಕಳನ್ನು ಆರಿಸಿ ಶಾಲೆಗೆ ಕಳಿಸಬೇಕು ಅಂತಲೂ ಬರೆದ. ಹೆಣ ನೇತುಹಾಕುವುದು, ಮಕ್ಕಳಿಗೆ ಅಕ್ಷರ ಕಲಿಸುವುದು, ಎರಡೂ ಒಂದೇ ಕೈಬರಹ.

ಏಪ್ರಿಲ್ 17ರ ನಸುಕಿನಲ್ಲಿ, ಬೆಳದಿಂಗಳು ಇನ್ನೂ ಇದ್ದಾಗ, ಕ್ಯಾಪ್ಟನ್ ವಾಲಿಸ್‌ನ ತುಕಡಿ ಆ್ಯಪಿನ್ ಬಳಿ ಒಂದು ಬೀಡು ಹುಡುಕಿಕೊಂಡು ಬಂತು. ಬೆಂಕಿ ಉರಿಯುತ್ತಿತ್ತು, ಜನ ಇರಲಿಲ್ಲ. ಎಲ್ಲೋ ಮಗುವೊಂದು ಅತ್ತಿತು. ಆ ಸದ್ದು ಹಿಡಿದು ಹೋಗಿ ಗುಂಡು ಹಾರಿಸಿದರು. ಮುಂದೆ ಕೊರಕಲು, ಹಿಂದೆ ಬಂದೂಕು. ಎಷ್ಟೋ ಜನ ಬಂಡೆಯಂಚಿನಿಂದ ಕೆಳಗೆ ಬಿದ್ದರು. ಕಡಿಮೆಯೆಂದರೂ 14 ಜನ ಸತ್ತರು. ಹೆಂಗಸರು, ಮಕ್ಕಳೂ ಇದ್ದರು. ಸತ್ತವರಲ್ಲಿ ಒಬ್ಬನಾದ ಕ್ಯಾನಬೈಗಲ್‌ನ ದೇಹವನ್ನು ಮರಕ್ಕೆ ನೇತುಹಾಕಿದರು. ಅವನ ತಲೆಬುರುಡೆ ಎಡಿನ್‌ಬರೋಗೆ ಹೋಗಿ, 1991ರಲ್ಲಷ್ಟೇ ಆಸ್ಟ್ರೇಲಿಯಾಕ್ಕೆ ವಾಪಸ್ ಬಂತು. ಹೈಡ್ ಪಾರ್ಕಿನಲ್ಲಿ 2013ರಲ್ಲಿ ನಿಲ್ಲಿಸಿದ ಮಕ್ವಾರಿಯ ಪ್ರತಿಮೆಯ ಕೆಳಗೆ ಅವನು ಪರಿಪೂರ್ಣ ಸಜ್ಜನ ಅಂತ ಕೆತ್ತಿದ್ದಾರೆ.

ಇದನ್ನೆಲ್ಲ ಹೇಳಿದರೆ ನಮ್ಮವರಿಂದ ಬರುವ ಉತ್ತರ ನನಗೆ ಗೊತ್ತು. "ಅಯ್ಯೋ, ನಾವು ಆಗ ಇರಲೇ ಇಲ್ಲ. ಅದು ಬಿಳಿಯರು ಮತ್ತು ಅವರ ಮಧ್ಯದ ವಿಷಯ. ನಮ್ಮನ್ನೂ ಅವರೇ ಆಳಿದ್ದಲ್ವಾ?" 2023ರ ವಾಯ್ಸ್ ಜನಮತದ (ಸಂಸತ್ತಿಗೆ ಸಲಹೆ ಕೊಡುವ ಮೂಲನಿವಾಸಿಗಳ ಮಂಡಳಿಯೊಂದನ್ನು ಸಂವಿಧಾನದಲ್ಲಿ ಸೇರಿಸಬೇಕೇ ಅಂತ ಕೇಳಿದ ಮತದಾನ) ಸಮಯದಲ್ಲಿ ಈ ಮಾತನ್ನು ಎಷ್ಟು ಮನೆಗಳ ಡೈನಿಂಗ್ ಟೇಬಲ್ ಮೇಲೆ ಕೇಳಿದೆನೋ. ಯಾರು ಯಾವ ಕಡೆ ಓಟು ಹಾಕಿದರು ಅನ್ನುವುದು ಅವರವರಿಗೆ ಬಿಟ್ಟದ್ದು. ಆದರೆ ಹ್ಯಾರಿಸ್ ಪಾರ್ಕಿಗೆ ಮಸಾಲೆದೋಸೆಗೆ ಹೋಗುತ್ತೇವಲ್ಲ, ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಎಕ್ಸ್‌ಪೆರಿಮೆಂಟ್ ಫಾರ್ಮ್ ಅಂತ ಒಂದು ಹಳೇ ಮನೆ ಇದೆ. ಶಿಕ್ಷೆ ಮುಗಿಸಿದ ಕೈದಿ ಜೇಮ್ಸ್ ರೂಸ್‌ಗೆ ಫಿಲಿಪ್ 1792ರಲ್ಲಿ 30 ಎಕರೆ ಬರೆದುಕೊಟ್ಟ ಜಾಗ ಅದು. ಈ ದೇಶದ ಮೊದಲ ಜಮೀನು ಹಕ್ಕುಪತ್ರ. ಬುರಮಟ್ಟಗಲ್ ಜನರನ್ನು ಒಂದು ಮಾತೂ ಕೇಳದೆ ಬರೆದದ್ದು. ಸೆಟ್ಲ್‌ಮೆಂಟ್ ದಿನ, ಅಂದರೆ ಕೊಂಡ ಮನೆ ನಮ್ಮ ಹೆಸರಿಗಾಗುವ ದಿನ, ನಾವು ಸಿಹಿ ಹಂಚಿ ಪೂಜೆ ಮಾಡುವ ಮನೆಗಳ ಪತ್ರ ಹಿಂದೆ ಹಿಂದೆ ಹೋದರೆ ನಿಲ್ಲುವುದು ಇಂಥದೇ ಒಬ್ಬ ಗವರ್ನರನ ರುಜುವಿನ ಹತ್ತಿರ. ಅದಕ್ಕೆ ಯಾರೂ ಮನೆ ಮಾರಬೇಕಿಲ್ಲ. ತಿಳಿದಿರಬೇಕು, ಅಷ್ಟೇ. ಬ್ರಿಟಿಷರು ನಮ್ಮನ್ನು ಆಳಿದ್ದು ಗೊತ್ತಿರುವ ನಮಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗಬೇಕಲ್ಲವೇ?

ಮಕ್ವಾರಿಯ ಶಾಲೆಗೆ ಹೋದ ಮರಾಯಾಳ ಕಥೆ ಹೇಳಿದರೆ ಮಕ್ಕಳಿಗೆ ಇಷ್ಟವಾಗುತ್ತದೆ. ಪಶ್ಚಿಮ ಸಿಡ್ನಿಯ ಮೂಲನಿವಾಸಿಗಳಾದ ಡಾರುಗ್ ಜನರ ಮುಖಂಡ ಯರ್ರಮುಂಡಿಯ ಮಗಳು. 1819ರ ಪರೀಕ್ಷೆಯಲ್ಲಿ ಸುಮಾರು ನೂರು ಬಿಳಿಯ ಮಕ್ಕಳನ್ನು ಹಿಂದೆ ಹಾಕಿ ಮೊದಲ ಬಹುಮಾನ ಗೆದ್ದವಳು. ಮುಂದೆ ರಾಬರ್ಟ್ ಲಾಕ್ ಎಂಬ ಕೈದಿಯನ್ನು ಮದುವೆಯಾದಳು. ಅವಳ ಅಣ್ಣನಿಗೂ ನರಜಿಂಜಿ ಎಂಬುವನಿಗೂ ಮಕ್ವಾರಿ ಬ್ಲ್ಯಾಕ್‌ಟೌನ್ ಕಡೆ 30 ಎಕರೆ ಕೊಟ್ಟಿದ್ದ. ಹೌದು, ನಾವು ಯುಗಾದಿ ಪಿಕ್ನಿಕ್‌ಗೆ ಚಿತ್ರಾನ್ನ ಕಟ್ಟಿಕೊಂಡು ಹೋಗುವ ನರಜಿಂಜಿ ರಿಸರ್ವ್ ಅವನದೇ ಹೆಸರಿನದು. ಅಣ್ಣ ತೀರಿಕೊಂಡ ಮೇಲೆ 1831ರಲ್ಲಿ ಮರಾಯಾ ಗವರ್ನರ್ ಡಾರ್ಲಿಂಗ್‌ಗೆ ಅರ್ಜಿ ಬರೆದಳು. ಅಣ್ಣನ ಜಮೀನು ತನಗೆ ಸೇರಬೇಕು ಅಂತ. ಆ ಶಾಲೆಯ ಅಕ್ಷರವನ್ನೇ ಹಿಡಿದು. ಆಗ ಲಿವರ್‌ಪೂಲ್ ಕಡೆ 40 ಎಕರೆ ಕೊಟ್ಟರು, ಅದೂ ಗಂಡನ ಹೆಸರಿಗೆ. ಅಣ್ಣನ ಜಮೀನು ಕೈಗೆ ಬರಲು 1843ರವರೆಗೆ ಕಾಯಬೇಕಾಯಿತು. ಅವಳ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತೂ ಪಶ್ಚಿಮ ಸಿಡ್ನಿಯಲ್ಲಿ ನಮ್ಮ ಅಕ್ಕಪಕ್ಕದಲ್ಲೇ ಇದ್ದಾರೆ. ಅವಳು ಓದಿದ ಶಾಲೆಯನ್ನು ಪ್ಯಾರಮಟ್ಟಾದಿಂದ ಬ್ಲ್ಯಾಕ್‌ಟೌನ್‌ಗೆ ಸಾಗಿಸಿದ್ದರಲ್ಲ, ಆ ಜಾಗ 2018ರಲ್ಲಿ ಡಾರುಗ್ ಜನರಿಗೆ ಮರಳಿ ಸಿಕ್ಕಿದೆ.

ಹಾಗಾಗಿ ನನ್ನ ಕೋರಿಕೆ. ಜನವರಿ 26ರಂದು ಧ್ವಜ ಹಾರಿಸಿ, ಬಿಸಿಬೇಳೆಬಾತ್ ಬಡಿಸಿ, ಬೇಡ ಅನ್ನಲಾರೆ. 1938ರ ಅದೇ ದಿನ ಇದೇ ಊರಿನಲ್ಲಿ ಮೂಲನಿವಾಸಿ ಮುಖಂಡರು ಸೇರಿ ಅದನ್ನು ಶೋಕದ ದಿನ ಅಂತ ಆಚರಿಸಿದರು ಅನ್ನುವುದನ್ನೂ ವೇದಿಕೆಯಿಂದ ಕನ್ನಡದಲ್ಲಿ ಹೇಳಿ. ಆ ಗೌರವದ ನಾಲ್ಕು ಸಾಲನ್ನು ಕನ್ನಡದಲ್ಲಿ ಓದಿ, ಜನ ಕೂತ ಮೇಲೆ ಓದಿ. ಡಾರುಗ್ ಹಿರಿಯರೊಬ್ಬರನ್ನು ಕರೆಯಿರಿ. ಕರೆದ ಮೇಲೆ ಮಾತಾಡಲು ಸಮಯ ಕೊಡಿ, ಗೌರವಧನವನ್ನೂ ಕೊಡಿ. ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆದು, "ಟೈಮ್ ಆಯ್ತು ಸಾರ್" ಅಂತ ಇಳಿಸಬೇಡಿ. ಶಾಲೆಯ ಮಕ್ಕಳನ್ನು ಒಂದು ಏಪ್ರಿಲ್ ತಿಂಗಳಲ್ಲಿ ಆ್ಯಪಿನ್ ಹತ್ತಿರದ ಕ್ಯಾಟರ‍್ಯಾಕ್ಟ್ ಡ್ಯಾಮಿಗೆ ಕರೆದುಕೊಂಡು ಹೋಗಿ, ಅಲ್ಲಿ ಸ್ಮಾರಕ ಫಲಕ ಇದೆ. ಪುಟ್ಟ ಮಕ್ಕಳಿಗೆ ಹೆಣ, ರುಂಡದ ವಿವರ ಬೇಡ. ಅರಬನೂ ತಟ್ಟೆ ಎಸೆಯಲು ಹೋದದ್ದು, ಬ್ಯಾಲೊಡೆರಿಯ ದೋಣಿ, ಮರಾಯಾಳ ಬಹುಮಾನ, ಇಷ್ಟು ಸಾಕು. ಉಳಿದದ್ದನ್ನು ದೊಡ್ಡವರಾದ ಮೇಲೆ ಅವರೇ ಕೇಳುತ್ತಾರೆ.

ರಾಜ್ಯೋತ್ಸವದ ಗಡಿಬಿಡಿ ಮುಗಿದ ಮೇಲೆ ನಿಮ್ಮ ಜನವರಿ ಕಾರ್ಯಕ್ರಮದ ಮೀಟಿಂಗ್ ಇರುತ್ತದೆ. ಇದನ್ನು ಅವತ್ತಿನ ಅಜೆಂಡಾದಲ್ಲಿ ಸೇರಿಸಿ. ಪಾಠದ ಕರಡನ್ನು ಕನ್ನಡದಲ್ಲಿ ಬರೆದುಕೊಡಲು ನಾನು ತಯಾರು. ತಿದ್ದಲು ಡಾರುಗ್ ಹಿರಿಯರಿಗೇ ಮೊದಲು ಕೊಡೋಣ, ಆಮೇಲೆ ಕಮಿಟಿ ನೋಡಲಿ.

ಇಂತಿ ನಿಮ್ಮ,
ಪ್ಯಾರಮಟ್ಟಾ ಕಡೆಯ ಒಬ್ಬ ಕನ್ನಡಿಗ